ಬಂದವರಿಗೆ ಇಪ್ಪತ್ತೊಂದು ಡಿಗ್ರಿ

ನವೆಂಬರ್ 4, ಮಂಗಳವಾರ

ಈ ಮನೆಯಲ್ಲಿ ಪೆನ್ನು ಹಿಡಿಯಬೇಕೆಂದರೂ ಮೊದಲು ಕೈಯನ್ನು ಕಂಕುಳಲ್ಲಿಟ್ಟು ಕಾಯಿಸಿಕೊಳ್ಳಬೇಕು. ಬಂದು ಐದು ದಿನವಾಯಿತು. ಬೈಯೋಣವೆಂದರೆ ಎದುರಿಗೆ ಯಾರೂ ಇಲ್ಲ, ಅದಕ್ಕೇ ಇಲ್ಲಿ ಬೈಯಲು ಕೂತಿದ್ದೇನೆ.

ಅಮ್ಮ ಬಿದ್ದದ್ದು ಒಲೆಗೆ ಪೀಟ್ ತರಲು ಹೋಗಿ. ಎಂಬತ್ತಾರು ವರ್ಷದ ಹೆಂಗಸು, ಲೂಯಿಸ್ ದ್ವೀಪದ ಈ ಪಡುವಣ ತೀರದ ಗಾಳಿಯಲ್ಲಿ, ಬಕೆಟ್ ಹಿಡಿದುಕೊಂಡು ಹಿತ್ತಲಿನ ರಾಶಿಗೆ ಹೋಗಿದ್ದಾಳೆ. ಗಾಳಿ ಬಕೆಟ್ಟನ್ನು ಎಳೆದಿದೆ, ಬಕೆಟ್ಟು ಅಮ್ಮನನ್ನು ಎಳೆದಿದೆ. ಸೊಂಟದ ಮೂಳೆ ಮುರಿಯಿತು. ಪಕ್ಕದ ಮನೆಯ ಟಾರ್ಕಿಲ್ ನೋಡಿರದಿದ್ದರೆ ನಾನು ಈಗ ಬೇರೆಯದೇ ಕೆಲಸಕ್ಕೆ ಬಂದಿರುತ್ತಿದ್ದೆ. ದ್ವೀಪದ ಪಟ್ಟಣ ಸ್ಟೋರ್ನೊವೇಯ ಆಸ್ಪತ್ರೆಯಲ್ಲಿ ಆಪರೇಷನ್ ಆಗಿದೆ, ಚೆನ್ನಾಗಿಯೇ ಆಗಿದೆಯಂತೆ. ಅಮ್ಮನನ್ನು ಮನೆಗೆ ಕರೆತಂದು, ನೋಡಿಕೊಳ್ಳಲು ಯಾರನ್ನಾದರೂ ಗೊತ್ತುಮಾಡಿ, ಗ್ಲಾಸ್ಗೋಗೆ ಹೊರಡುವುದು ನನ್ನ ಲೆಕ್ಕಾಚಾರ. ಅಲ್ಲಿ ಒಂದು ಶಾಲೆಯ ಅಡುಗೆಮನೆ ನನ್ನ ಕೈಯಲ್ಲಿದೆ. ಸಿಕ್ಕಿರುವುದು ಮೂರೇ ವಾರ ರಜೆ. ವಾಪಸ್ ಹೋಗುವ ಹಡಗಿನ ಟಿಕೆಟ್ಟು ಪರ್ಸಿನಲ್ಲಿದೆ, ಆಗಾಗ ತೆಗೆದು ನೋಡುತ್ತಿದ್ದೇನೆ.

ಒಲೆ ಮತ್ತೆ ಆರಿತು. ಜವುಗು ನೆಲದಿಂದ ಕಡಿದು ಒಣಗಿಸಿದ ಈ ಕಪ್ಪು ಪೀಟ್ ಹೆಂಟೆಗಳಿಗೆ ಬೆಂಕಿ ಹಿಡಿಸುವುದು ಚಿಕ್ಕಂದಿನಲ್ಲಿ ಬರುತ್ತಿತ್ತು. ಮೂವತ್ತು ವರ್ಷ ಹೀಟರಿನ ಗುಂಡಿ ತಿರುಗಿಸಿ ಬಿಸಿ ಮಾಡಿಕೊಂಡವಳಿಗೆ ಮರೆತೇ ಹೋಗಿದೆ. ಬೆಳಿಗ್ಗೆ ಟಾರ್ಕಿಲ್ ಬಾಗಿಲು ತಟ್ಟದೆ ಒಳಗೆ ಬಂದ.

"ಹೊಗೆ ಕಾಣಲಿಲ್ಲ ನೋಡು. ಡೊಲೀನಾ ಸೆಟೆದುಕೊಂಡು ಬಿದ್ದಿದಾಳೇನೋ ಅಂತ ಬಂದೆ."

"ಇನ್ನೂ ಇಲ್ಲ. ಸಂಜೆ ಬಂದಿದ್ರೆ ಸಿಕ್ತಿದ್ದೆ."

"ಗ್ಲಾಸ್ಗೋ ನೀರು ಕುಡಿದು ಕೈ ಮೆತ್ತಗಾಗಿದೆ ನಿಂದು. ಸರಿ ಆಚೆ."

ಒಂದು ನಿಮಿಷದಲ್ಲಿ ಹೊತ್ತಿಸಿದ. ನನಗಿಂತ ಹತ್ತು ವರ್ಷ ದೊಡ್ಡವನು, ಮದುವೆಯಿಲ್ಲ ಮಕ್ಕಳಿಲ್ಲ, ಸ್ವೆಟರಿನ ತೋಳು ಮಡಚಿಕೊಂಡೇ ಓಡಾಡುತ್ತಾನೆ. ಅವನನ್ನು ನೋಡಿದರೆ ನನಗೆ ಇನ್ನಷ್ಟು ಚಳಿ ಹತ್ತುತ್ತದೆ.

ನವೆಂಬರ್ 9, ಭಾನುವಾರ

ಭಾನುವಾರ ಇಲ್ಲಿ ಯಾರೂ ಪೀಟ್ ಹೊರುವುದಿಲ್ಲ, ದೇವರ ದಿನ. ಶನಿವಾರ ಸಂಜೆಯೇ ತಂದಿಟ್ಟುಕೊಳ್ಳಬೇಕು. ಮರೆತೆ. ಮಧ್ಯಾಹ್ನಕ್ಕೆ ಬಕೆಟ್ಟು ಖಾಲಿ. ಚರ್ಚಿಗೆ ಹೋಗುವ ಕಾರುಗಳೆಲ್ಲ ಸರಿಯಾಗಿ ನಮ್ಮ ಹಿತ್ತಲಿನ ಮುಂದೆಯೇ ಹೋಗಬೇಕೆ? ಕೋಟಿನೊಳಗೆ ನಾಲ್ಕು ಹೆಂಟೆ ಬಚ್ಚಿಟ್ಟುಕೊಂಡು ತಂದೆ. ಐವತ್ತೆಂಟನೆಯ ವಯಸ್ಸಿನಲ್ಲಿ ನಮ್ಮನೆ ಪೀಟನ್ನು ನಾನೇ ಕದ್ದೆ. ಟಾರ್ಕಿಲ್ ನೋಡಿದ. ನೋಡಿ, ಮಳೆ ಬರುತ್ತದೇನೋ ಎನ್ನುವವನಂತೆ ಮುಖ ಮೇಲೆತ್ತಿಕೊಂಡು ಹೋದ.

ನವೆಂಬರ್ 13, ಗುರುವಾರ

ಕತ್ರೀನಾ ಬಂದಿದ್ದಳು. ರೋಗಿಗಳನ್ನು ಕಳಿಸುವ ಮೊದಲು ಅವರ ಮನೆ ಹೇಗಿದೆ ಎಂದು ನೋಡುವುದು ಅವಳ ಕೆಲಸ. ಪಕ್ಕದ ಹಳ್ಳಿಯ ಹುಡುಗಿ, ಅವಳ ಅಜ್ಜಿಯೂ ಅಮ್ಮನೂ ಒಟ್ಟಿಗೆ ಹೆರಿಂಗ್ ಮೀನು ಹಸನು ಮಾಡಿದವರು. ಬಂದವಳು ಮೊದಲು ಕೋಟು ಬಿಚ್ಚಿದಳು. ಯಾರ ಮನೆಯಲ್ಲಾದರೂ ಕೋಟು ಹಾಕಿಕೊಂಡೇ ಕೂತರೆ ಮನೆಯವರಿಗೆ ಅವಮಾನ ಎಂದು ಇಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಾಗಿಲ್ಲ. ಮೆಟ್ಟಿಲು ನೋಡಿದಳು, ಬಚ್ಚಲು ನೋಡಿದಳು. ಕೊನೆಗೆ ಮಹಡಿಯಲ್ಲಿ ಅಮ್ಮನ ಕೋಣೆಯಲ್ಲಿ ಒಂದು ಸಣ್ಣ ಥರ್ಮಾಮೀಟರ್ ಇಟ್ಟಳು.

"ಹನ್ನೆರಡು" ಅಂದಳು. "ಹದಿನೆಂಟು ಇಲ್ಲದೆ ನಾನು ಕಳ್ಸೋ ಹಾಗಿಲ್ಲ ಡೊಲೀನಾ ಅಕ್ಕ. ಅವರಿಗೆ ಎದೇಲಿ ಕಫ ಬೇರೆ ಇದೆ."

"ಹದಿನೆಂಟು ಈ ಮನೆ ಜುಲೈನಲ್ಲೂ ನೋಡಿಲ್ಲ ಕಣಮ್ಮ."

"ಗೊತ್ತು" ಅಂದಳು, ಬಿಸಿ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ಮಹಡಿಯಲ್ಲಿ ಕರೆಂಟಿನ ಹೀಟರು ಎರಡಿವೆ. ರಾತ್ರಿ ಅಗ್ಗದ ಕರೆಂಟಿನಲ್ಲಿ ಕಾದು ಹಗಲು ಬಿಸಿ ಕೊಡಬೇಕಾದವು. ಅವು ಮಾಡುವುದೇನೆಂದರೆ, ನಾವು ಮಲಗಿರುವಾಗ ಬಿಸಿಯನ್ನೆಲ್ಲ ಕಿಟಕಿ ಸಂದಿಯಿಂದ ಅಟ್ಲಾಂಟಿಕ್ ಸಾಗರಕ್ಕೆ ಕೊಟ್ಟು, ನಾವು ಏಳುವ ಹೊತ್ತಿಗೆ ತಾವೂ ತಣ್ಣಗಾಗಿ ಕೂತಿರುತ್ತವೆ. ಅಂಗಡಿಯಲ್ಲಿ ಕರೆಂಟು ಮೀಟರಿನ ಕಾರ್ಡಿಗೆ ಮುಂಗಡ ತುಂಬಿಸಿದ ಹಣ ಕಣ್ಣೆದುರೇ ಕರಗಿತು. ಅಮ್ಮ ಎರಡರ ಮೇಲೂ ಹೂಕುಂಡ ಇಟ್ಟಿದ್ದಳು. ಯಾಕೆಂದು ಈಗ ಅರ್ಥವಾಯಿತು.

ಶೋನಾಗ್ ಫೋನ್ ಮಾಡಿದ್ದಳು. ನನ್ನ ತಂಗಿ, ಗ್ಲಾಸ್ಗೋದಲ್ಲಿ ಮೂರನೇ ಮಹಡಿಯ ಮನೆ ಅವಳದು.

"ಹೀಟಿಂಗ್ ಹಾಕೇ ಮಾರಾಯ್ತಿ, ಜಿಪುಣತನ ಮಾಡ್ಬೇಡ. ನಾನಿಲ್ಲಿ ತೋಳಿಲ್ಲದ ಅಂಗೀಲಿ ಕೂತಿದೀನಿ. ನಂದೇನು ಅಂಥಾ ದೊಡ್ಡ ಬಿಲ್ಲಾ?"

"ನಿನ್ನ ಕೆಳಗೆ ಮೂರು ಮನೆ, ಆ ಕಡೆ ಒಂದು, ಈ ಕಡೆ ಒಂದು. ಅವರೆಲ್ಲ ಸೇರಿ ನಿನ್ನ ಕಾಯಿಸ್ತಿದಾರೆ. ನನಗೆ ಈ ಕಡೆ ಟಾರ್ಕಿಲ್, ಆ ಕಡೆ ಕೆನಡಾ."

"ಎಲ್ಲದಕ್ಕೂ ಸಿಡುಕ್ತೀಯಪ್ಪ" ಅಂದಳು. ಸಿಡುಕದೆ ಏನು ಮಾಡಲಿ?

ನವೆಂಬರ್ 17, ಸೋಮವಾರ

ನಿಮ್ಮ ದ್ವೀಪ, ನಿಮ್ಮ ಗಾಳಿ ಎಂದು ಟಾರ್ಕಿಲ್‌ಗೆ ಬೈದೆ. ಅವನೇನು ಮಾಡಿದ್ದ ಪಾಪ, ಹೆಂಚು ಸರಿಮಾಡಲು ಬಂದಿದ್ದ. ಜೊತೆಗೆ ಅವನ ಮನೆಯಲ್ಲಿ ಕೋಣೆ ಬಾಡಿಗೆಗೆ ಹಿಡಿದಿರುವ ಆಸ್ಗರ್ ಎಂಬ ಡೆನ್ಮಾರ್ಕಿನವನೂ ಬಂದಿದ್ದ. ಗುಡ್ಡದ ಮೇಲಿನ ಮೂರು ಗಾಳಿಯಂತ್ರಗಳ ರಿಪೇರಿ ಅವನ ಕೆಲಸ. ನಮ್ಮನ್ನು ನಡುಗಿಸುವ ಗಾಳಿಯಿಂದಲೇ ಅವು ಕರೆಂಟು ಮಾಡಿ ಸಮುದ್ರದಡಿಯ ತಂತಿಯಲ್ಲಿ ಆಚೆ ದಡಕ್ಕೆ ಕಳಿಸುತ್ತವೆ. ನಾವು ಅದನ್ನೇ ಅಂಗಡಿಗೆ ಹೋಗಿ ಕೊಂಡು ತರುತ್ತೇವೆ. ಅಮ್ಮನ ಹಾಸಿಗೆಯಿಂದ ನೋಡಿದರೆ ಮೂರೂ ಕಾಣುತ್ತವೆ, ಹಗಲೂ ರಾತ್ರಿ ತಿರುಗುತ್ತಿರುತ್ತವೆ.

ಹೆಂಚಿನ ಮೇಲೆ ಬರೀ ಶರ್ಟಿನಲ್ಲಿ ಕೂತಿದ್ದ ಆಸ್ಗರ್, ಟೀ ಕುಡಿಯಲು ಒಳಗೆ ಬಂದವನೇ ಜಾಕೆಟ್ ಹಾಕಿಕೊಂಡ.

"ಒಳಗೆ ಬಂದ್ಮೇಲೆ ಬಿಚ್ಚಬೇಕಪ್ಪ" ಅಂದೆ.

"ಹೊರಗೆ ಹೋದಾಗ ಬಿಚ್ತೀನಿ" ಅಂದ. "ನಮ್ಮೂರಲ್ಲಿ ಚಳಿ ಹೊರಗಿರತ್ತೆ. ನೀವು ಒಳಗೆ ಇಟ್ಕೊಂಡಿದೀರಿ."

ಅವನಿಗೂ ಒಬ್ಬಳು ಅಮ್ಮ ಇದ್ದಾಳಂತೆ, ವಿಧವೆ, ಪಿಂಚಣಿಯಲ್ಲಿ ಬದುಕುವವಳು. ಊರಿಗೆಲ್ಲ ಒಂದೇ ಕಡೆ ನೀರು ಕಾಯಿಸಿ ಕೊಳವೆಯಲ್ಲಿ ಮನೆಮನೆಗೆ ಬಿಡುತ್ತಾರಂತೆ. ಹೊರಗೆ ಹಿಮ ಸುರಿಯುವಾಗ ಅವಳು ತೆಳು ಗೌನಿನಲ್ಲಿ ಓಡಾಡಿಕೊಂಡು ಹೂಗಿಡಕ್ಕೆ ನೀರು ಹಾಕುತ್ತಾಳಂತೆ.

"ಯಾರಿಗಪ್ಪಾ ಇಲ್ಲಿ ಚಳಿ?" ಅಂದ ಟಾರ್ಕಿಲ್, ಬಾಡಿಗೆಯವನ ಕಡೆ ಕೆಕ್ಕರಿಸಿ. ನನಗೆ ಆ ಡೆನ್ಮಾರ್ಕಿನ ಮುದುಕಿಯ ಮೇಲೆ ಸಿಟ್ಟು ಬಂತು. ಗುರುತಿಲ್ಲದ ಹೆಂಗಸಿನ ಮೇಲೆ ಇಷ್ಟು ಹೊಟ್ಟೆಕಿಚ್ಚು ಪಡಬಾರದು.

ನವೆಂಬರ್ 21, ಶುಕ್ರವಾರ

ರಜೆ ಇನ್ನೊಂದು ತಿಂಗಳು ಕೇಳಿದ್ದೇನೆ. ಸಂಬಳವಿಲ್ಲದ ರಜೆ.

ಅಮ್ಮನಿಗೆ ಏನೋ ಆಗುತ್ತಿದೆ. ಆಸ್ಪತ್ರೆಗೆ ಹೋದರೆ ಐಸ್‌ಕ್ರೀಮ್ ತಿನ್ನುತ್ತಾ ಕೂತಿದ್ದಳು. ನವೆಂಬರಿನಲ್ಲಿ! ನಾನು ಹುಟ್ಟಿದಾಗಿನಿಂದ ಅಮ್ಮ ತಣ್ಣಗಿನದನ್ನು ಬಾಯಿಗಿಟ್ಟದ್ದು ನೋಡಿಲ್ಲ. ಉಣ್ಣೆಯ ಮೇಲಂಗಿ ಬಿಚ್ಚಿ ಕುರ್ಚಿಗೆ ಹಾಕಿದ್ದಾಳೆ, ಮೊಣಕೈವರೆಗೆ ಬರಿಗೈ. ಅಮ್ಮನ ಮೊಣಕೈ ನೋಡಿದ್ದು ಇದೇ ಮೊದಲು ಎನಿಸುತ್ತದೆ, ಬೆಳ್ಳಗೆ ಮಗುವಿನದರ ಹಾಗಿದೆ. ಬೆರಳು ಮಡಚಲು ಬರುವುದಿಲ್ಲವೆಂದು ಬಿಟ್ಟಿದ್ದ ಹೆಣಿಗೆ ಕಡ್ಡಿಗಳನ್ನೂ ಯಾರಿಂದಲೋ ತರಿಸಿಕೊಂಡಿದ್ದಾಳೆ. ಮನೆಯ ವಿಷಯ ಒಂದೂ ಕೇಳಲಿಲ್ಲ. ಕುರಿ, ಪೀಟ್, ಹೆಂಚು, ಊಹೂಂ. ನಾನೇ ಹೇಳಿದರೆ "ಹೌದಾ?" ಎಂದು ಮತ್ತೆ ಚಮಚ ಎತ್ತಿದಳು.

ಮನೆ ಬಿಟ್ಟ ಕೊರಗಿನಿಂದ ಬುದ್ಧಿ ಮಂಕಾಗುತ್ತಿದೆಯೋ ಏನೋ. ಬೇಗ ಕರೆದುಕೊಂಡು ಬರಬೇಕು.

ನವೆಂಬರ್ 27, ಗುರುವಾರ

ಬಡವರ ಮನೆ ಬೆಚ್ಚಗೆ ಮಾಡಿಕೊಡುವ ಒಂದು ಯೋಜನೆ ಇದೆ. ಗೋಡೆಗೆ ಒಳಗಿಂದ ಹೊದಿಕೆ, ಹೊಸ ಕಿಟಕಿ, ಹೊಸ ಹೀಟಿಂಗು, ಎಲ್ಲ ಪುಕ್ಕಟೆ. ಮೂರು ದಿನ ಫೋನಿನಲ್ಲಿ ಅವರ ಸಂಗೀತ ಕೇಳಿದೆ. ಇವತ್ತು ಒಬ್ಬ ಮನುಷ್ಯ ಸಿಕ್ಕಿದ. ಡಿಸೆಂಬರ್ ಮೂರಕ್ಕೆ ಮನೆ ನೋಡಲು ಒಬ್ಬರನ್ನು ಕಳಿಸುತ್ತಾರಂತೆ. ಅವರು ಒಪ್ಪಿದರೆ ಅಮ್ಮ ಮನೆಗೆ ಬರುವ ದಾರಿ ಸಲೀಸು.

"ಅವನು ಬಂದ ದಿನ ಒಲೆ ಹಚ್ಚಬೇಡ" ಅಂದಳು ಶೋನಾಗ್. "ಮನೆ ಎಷ್ಟು ತಣ್ಣಗಿದೆ ಅಂತ ಅವನಿಗೆ ಗೊತ್ತಾಗ್ಲಿ."

"ಅಷ್ಟೂ ಗೊತ್ತಿಲ್ವಾ ನನಗೆ? ನಾನೇನು ದಡ್ಡಿನಾ?"

ಟಾರ್ಕಿಲ್‌ಗೂ ಹೇಳಿದೆ. "ದೂರದಿಂದ ಬರ್ತಾನಾ? ಎಫಿ ಮನೆಗಾ?" ಅಂದ. ಎಫಿ ಎಂದರೆ ಅಮ್ಮ. ಆಮೇಲೆ ಗಡ್ಡ ಕೆರೆದುಕೊಂಡು, "ಸರಿ ಬಿಡು, ನೋಡ್ಕೊಳೋಣ" ಅಂದ.

ಡಿಸೆಂಬರ್ 3, ಬುಧವಾರ

ಆದದ್ದನ್ನು ಆದಂತೆ ಬರೆಯುತ್ತೇನೆ. ಬರೆದರಾದರೂ ನನಗೆ ನನ್ನ ಮೇಲಿರುವ ಸಿಟ್ಟು ಇಳಿಯುತ್ತದೋ ನೋಡೋಣ.

ನಿನ್ನೆಯಿಂದಲೇ ಒಲೆ ಆರಿಸಿದ್ದೆ. ಅಡುಗೆಮನೆಯಲ್ಲೂ ಉಸಿರು ಕಾಣುವಷ್ಟು ಚಳಿ. ಭೇಷ್ ಎಂದುಕೊಂಡೆ. ಬೆಳಿಗ್ಗೆ ಹೊರಗೆ ಟ್ರ್ಯಾಕ್ಟರ್ ಸದ್ದು. ನೋಡಿದರೆ ಟಾರ್ಕಿಲ್ ಒಂದು ಗಾಡಿ ಪೀಟ್ ತಂದು ಬಾಗಿಲಲ್ಲಿ ಸುರಿಯುತ್ತಿದ್ದಾನೆ. ಅದೂ ಎಂಥದು, ಕಲ್ಲಿದ್ದಲಿನ ಹಾಗೆ ಉರಿಯುವ, ಗುಂಡಿಯ ತಳದಿಂದ ತೆಗೆದ ಕರಿ ಪೀಟ್.

"ಬೇಡ ಅಂತ ಹೇಳಿರಲಿಲ್ವೇನೋ?"

"ಅಲ್ಲೇ, ಗುರುತಿಲ್ಲದೋನು ಎಫಿ ಮನೆಗೆ ಬಂದು ಗಡಗಡ ನಡುಗಿಕೊಂಡು ಹೋದ ಅಂದ್ರೆ ಊರಿನ ಮರ್ಯಾದೆ ಏನಾಗತ್ತೆ?"

ಅವನನ್ನು ಬೈದು ಅಟ್ಟಿದೆ. ಇಲ್ಲಿಯವರೆಗೆ ನಾನು ಸರಿಯಾಗಿಯೇ ಇದ್ದೆ.

ಹಾಲಿಸ್ ಎನ್ನುವವನು ಹನ್ನೊಂದಕ್ಕೆ ಬಂದ. ದಕ್ಷಿಣದ ಕಡೆಯವನು, ತೆಳ್ಳನೆಯ ಬೂಟು, ತೆಳ್ಳನೆಯ ಕೋಟು. ಹಡಗಿನಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಬಂದಿದ್ದ. ತುಟಿ ನೀಲಿ, ಮುಖ ಹಸಿರು. ಹೊಸ್ತಿಲಲ್ಲಿ ನಿಂತು ನನ್ನ ಕೈ ಕುಲುಕಿದ, ಆ ಕೈ ಮೀನಿನ ಹಾಗೆ ತಣ್ಣಗಿತ್ತು. ನನ್ನ ಮಗನ ವಯಸ್ಸಿನವನು, ಮಗನಿದ್ದಿದ್ದರೆ. "ಅಯ್ಯೋ ಪಾಪ, ಕೂತ್ಕೋ ಬಾ" ಎಂದು ನನ್ನ ಬಾಯಿಂದ ಬಂತು. ಆಮೇಲೆ ಏನಾಯಿತೋ, ಕೈ ತಾನಾಗಿ ಒಲೆ ಹೊತ್ತಿಸಿತು. ಒಂದೇ ಕಡ್ಡಿಗೆ ಹೊತ್ತಿಕೊಂಡಿತು, ಇಷ್ಟು ದಿನ ನನ್ನನ್ನು ಗೋಳಾಡಿಸಿದ ಒಲೆ! ಬಾಗಿಲಲ್ಲೇ ಕರಿ ಪೀಟಿನ ರಾಶಿ. ಹಾಕಿದೆ, ಮತ್ತೆ ಹಾಕಿದೆ. ಕುರಿ ಮಾಂಸದ ಸಾರು ಬಿಸಿ ಮಾಡಿದೆ. ಅಮ್ಮನ ಕುರ್ಚಿಯನ್ನು ಬೆಂಕಿ ಪಕ್ಕಕ್ಕೆ ಎಳೆದು ಅದರಲ್ಲಿ ಕೂರಿಸಿ ಕಾಲಿನ ಮೇಲೆ ಕಂಬಳಿ ಹೊದಿಸಿದೆ. ಹುಡುಗ ಎರಡು ಬಟ್ಟಲು ಸಾರು ಕುಡಿದು, ಹಾಗೇ ನಿದ್ದೆ ಹೋದ.

ಎದ್ದ ಮೇಲೆ ಯಂತ್ರ ತೆಗೆದು ಅಳೆದ. ಅಡುಗೆಮನೆ ಇಪ್ಪತ್ತೊಂದು. ನಡುಮನೆ ಹದಿನೇಳು. ಮಹಡಿಯೂ ಹದಿನಾರು.

"ತುಂಬಾ ಬೆಚ್ಚಗಿದೆ ನಿಮ್ಮನೆ" ಅಂದ, ಕಣ್ಣು ತುಂಬಿಕೊಂಡು. "ನಮ್ಮನೆಗಿಂತ ಬೆಚ್ಚಗಿದೆ."

"ದಿನಾ ಹೀಗಿರಲ್ಲಪ್ಪ. ಗಾಳಿ ಬಂದ್ರೆ ಎಲ್ಲಾ ಹೋಗತ್ತೆ. ಗಾಳಿ ಬರ್ಕೋ."

"ಗಾಳಿ ಬರೆಯೋಕೆ ಇದರಲ್ಲಿ ಜಾಗ ಇಲ್ಲ ಅಮ್ಮಾ. ಹೊರಗಿನ ಉಷ್ಣಾಂಶ ಮಾತ್ರ. ಆ ಲೆಕ್ಕ ನೋಡಿದ್ರೆ ನಮ್ಮೂರಿನ ಬೆಟ್ಟದ ಕಡೆಯೇ ಇಲ್ಲಿಗಿಂತ ಚಳಿ."

ಹೋಗುವಾಗ ಬುತ್ತಿಯನ್ನೂ ಕಟ್ಟಿಕೊಟ್ಟೆ.

ಡಿಸೆಂಬರ್ 4, ಗುರುವಾರ

ದಡ್ಡಿ.

ಡಿಸೆಂಬರ್ 16, ಮಂಗಳವಾರ

ಬರಲಿಲ್ಲ. ಅಂದರೆ, ಉತ್ತರ ಬಂತು, ಹೀಟಿಂಗು ಬರುವುದಿಲ್ಲ. ಮನೆಗೆ "ಸಾಕಷ್ಟು ಬಿಸಿ ಇದೆ" ಅಂತೆ. ಫೋನ್ ಮಾಡಿ ಅಲ್ಲಿಯ ಹುಡುಗಿಯ ಮೇಲೆ ಕೂಗಾಡಿದೆ.

"ಆಸ್ಪತ್ರೆಯವರ ಪ್ರಕಾರ ನಮ್ಮನೆ ತಣ್ಣಗಿದೆ, ಅದಕ್ಕೆ ನಮ್ಮಮ್ಮನ್ನ ಕಳಿಸ್ತಿಲ್ಲ. ನಿಮ್ಮ ಪ್ರಕಾರ ಬೆಚ್ಚಗಿದೆ, ಅದಕ್ಕೆ ನೀವು ಏನೂ ಕೊಡ್ತಿಲ್ಲ. ಇರೋದು ಒಂದೇ ಮನೆ ಕಣಮ್ಮಾ!"

"ಅದು ಬೇರೆ ಇಲಾಖೆ ಮೇಡಂ" ಅಂದಳು. ಬೇಕಾದರೆ ದೂರು ಕೊಡಬಹುದಂತೆ, ಮತ್ತೆ ಅದೇ ಸಂಗೀತ ಕೇಳಿಕೊಂಡು.

ಕೂಗಾಡಿದ ಮೇಲೆ ಬೇಸರವಾಯಿತು. ಆ ಹುಡುಗಿ ಏನು ಮಾಡಿಯಾಳು? ನನ್ನ ಹೊಟ್ಟೆ ಉರಿಯುವುದು ಬೇರೆಯದಕ್ಕೆ. ಇಡೀ ದೇಶದಲ್ಲಿ ಅತ್ಯಂತ ಚಳಿಯ ಮನೆಗಳು ನಮ್ಮವು ಎಂದು ಪೇಪರಿನವರು ವರ್ಷಕ್ಕೊಮ್ಮೆ ಬರೆಯುತ್ತಾರೆ. ಆದರೆ ಚಳಿಯಾಗುತ್ತಿದೆ ಎಂದು ಬಾಯಿಬಿಟ್ಟು ಹೇಳುವ ಒಂದು ನರಪಿಳ್ಳೆ ಈ ಊರಿನಲ್ಲಿಲ್ಲ. ಎಲ್ಲರೂ ಬಂದವರಿಗೆ ಇಪ್ಪತ್ತೊಂದು ತೋರಿಸಿ, ಅವರು ಹೋದ ಮೇಲೆ ಹನ್ನೆರಡರಲ್ಲಿ ಮಲಗುವವರೇ.

ಶಾಲೆಯಿಂದ ಫೋನ್ ಬಂದಿತ್ತು, ಯಾವಾಗ ಬರುತ್ತೀರಿ ಎಂದು. ಕ್ರಿಸ್‌ಮಸ್ ಕಳೆಯಲಿ ಎಂದೆ. ಸಂಜೆ ಮೋಡ ಕವಿದಿತ್ತು, ಪೀಟ್ ರಾಶಿಗೆ ಟಾರ್ಪಾಲು ಎಳೆದು ಕಲ್ಲು ಹೇರಿ ಬಂದೆ.

ಜನವರಿ 5, ಸೋಮವಾರ

ಬರೆಯಲು ಪುರುಸೊತ್ತಿರಲಿಲ್ಲ. ಯಾರೂ ಕೊಡದಿದ್ದರೆ ಕತ್ತೆ ಬಾಲ, ನಾವೇ ಮಾಡಿಕೊಂಡೆವು. ಇಡೀ ಮನೆ ಕಾಯಿಸುವುದು ಆಗದ ಮಾತು, ಒಂದು ಕೋಣೆ ಆಗುತ್ತದೆ. ಅಮ್ಮನ ಮಂಚವನ್ನು ಬಿಚ್ಚಿ ಕೆಳಗಿಳಿಸಿ ಅಡುಗೆಮನೆಯಲ್ಲಿ ಒಲೆಯ ಪಕ್ಕ ಹಾಕಿದ್ದೇವೆ. ಆಸ್ಗರ್ ಕಿಟಕಿ ಸಂದಿಗೆಲ್ಲ ಅವನ ಗಾಳಿಯಂತ್ರಕ್ಕೆ ಬಳಸುವ ಅಂಟುಪಟ್ಟಿ ಅಂಟಿಸಿದ. ಟಾರ್ಕಿಲ್ ಬಾಗಿಲಿಗೆ ದಪ್ಪ ಕಂಬಳಿ ಜಡಿದ, ಗೋಡೆಗೆ ಕುರಿಯುಣ್ಣೆ ತುಂಬಿದ ಹಲಗೆ ಹೊಡೆದ. ನಾನು ರಾತ್ರಿ ಬೂದಿಯಲ್ಲಿ ಕೆಂಡ ಮುಚ್ಚಿಟ್ಟು ಬೆಳಗ್ಗೆ ಕೆದಕಿ ಎಬ್ಬಿಸುತ್ತೇನೆ, ಹೊಸ ವರ್ಷ ಹುಟ್ಟಿದ ಮೇಲೆ ಒಮ್ಮೆಯೂ ಆರಿಲ್ಲ.

ಕತ್ರೀನಾ ಬಂದು ಅಳೆದಳು. ಹತ್ತೊಂಬತ್ತು! ಎರಡು ಸಲ ಅಳೆದಳು, ಎರಡು ಸಲವೂ ಹತ್ತೊಂಬತ್ತು.

"ಬರ್ಕೋತೀನಿ. ಮುಂದಿನ ಸೋಮವಾರ ಕರ್ಕೊಂಡು ಬನ್ನಿ" ಅಂದಳು.

ಟಾರ್ಕಿಲ್ ಟೋಪಿ ತೆಗೆದು ಕುಣಿದ. ಅವನ ಮೊಣಕಾಲಿಗೆ ಅದು ಒಳ್ಳೆಯದಲ್ಲ.

ಜನವರಿ 8, ಗುರುವಾರ

ಅಮ್ಮನಿಗೆ ಹೇಳಲು ಎರಡು ಬಸ್ಸು ಬದಲಿಸಿ ಓಡಿದೆ.

"ಸೋಮವಾರ ಮನೆಗೆ ಹೋಗೋಣ ಅಮ್ಮ. ಅಡುಗೆಮನೇಲೇ ನಿನ್ನ ಮಂಚ. ಹತ್ತೊಂಬತ್ತು ಡಿಗ್ರಿ!"

ಅಮ್ಮ ಹೆಣಿಗೆಯ ಸಾಲು ಮುಗಿಸಿದಳು.

"ಎಷ್ಟು ದಿನ ಇರತ್ತೆ ಹತ್ತೊಂಬತ್ತು?"

"ನಾನು ಇರೋ ತನಕ."

"ಈಗ ಉರಿಸ್ತಿರೋ ಪೀಟ್ ಯಾರದು?"

"ಟಾರ್ಕಿಲ್ ತಂದಿದ್ದು."

"ನಾನು ಬರಲ್ಲ ಕಣೇ" ಅಂದಳು. ಎಷ್ಟು ಮೆತ್ತಗೆ ಹೇಳಿದಳೆಂದರೆ, ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಬಗ್ಗಿದೆ. "ಈ ಊರಲ್ಲೇ ವಯಸ್ಸಾದವರ ಮನೆ ಇದೆಯಲ್ಲ, ಅಲ್ಲಿಗೆ ಹೋಗ್ತೀನಿ. ಕತ್ರೀನಾ ಹತ್ರ ಇವತ್ತು ಹೇಳೋಣ ಅಂತಿದ್ದೆ. ನಿನಗೆ ಮೊದಲು ಹೇಳಿದೆ."

"ಅದು ನಿನ್ನ ಮನೆ ಅಮ್ಮ!"

"ನನ್ನ ಮನೆ ಅಂತ ನನಗೆ ಗೊತ್ತಿಲ್ವಾ? ಮದುವೆಯಾಗಿ ಅಲ್ಲಿಗೆ ಬಂದಾಗಿಂದ ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ನಾನು ನೆನೆಸ್ಕೊಂಡಿದ್ದು ದೇವರನ್ನಲ್ಲ, ನಿಮ್ಮಪ್ಪನ್ನಲ್ಲ, ನಿಮ್ಮನ್ನೂ ಅಲ್ಲ. ಬೆಂಕಿ ಇದೆಯಾ, ಆರಿದೆಯಾ. ಅದೊಂದೇ. ಇಲ್ಲಿ ಬಂದ ಮೇಲೆ ಒಂದಿನ ಎದ್ದೆ, ಏನೂ ನೆನಪಾಗ್ಲಿಲ್ಲ. ಸುಮ್ನೆ ಮಲ್ಕೊಂಡೇ ಇದ್ದೆ. ಎಷ್ಟು ಹಗುರ ಗೊತ್ತಾ?"

ನಾನು ಕುರ್ಚಿಯ ಮೇಲಿದ್ದ ಅವಳ ಮೇಲಂಗಿಯನ್ನು ಮಡಚಿದೆ, ಬಿಚ್ಚಿ ಮತ್ತೆ ಮಡಚಿದೆ.

"ಚಳಿ ಕಣೇ, ಡೊಲೀನಾ. ಯಾವಾಗ್ಲೂ ಚಳಿ ಆಗ್ತಿತ್ತು ನನಗೆ."

ಇದನ್ನು ಮಾತ್ರ ಜೋರಾಗಿ ಹೇಳಿದಳು. ವಾರ್ಡಿನಲ್ಲಿದ್ದ ಉಳಿದ ಮೂವರು ಮುದುಕಿಯರೂ ನಮ್ಮ ಕಡೆಯವರೇ, ಮೂವರೂ ಗೋಡೆ ಕಡೆ ತಿರುಗಿದರು.

ಜನವರಿ 9, ಶುಕ್ರವಾರ

ಮೈಯೆಲ್ಲ ಉರಿಯುತ್ತಿದೆ. ಎರಡು ತಿಂಗಳು ಒದ್ದಾಡಿದ್ದು ಯಾರಿಗಾಗಿ? ಮೇ ತಿಂಗಳಲ್ಲಿ ನಮ್ಮ ಗುಂಡಿಯಲ್ಲಿ ಪೀಟ್ ಕಡಿಯಲು ಯಾರ್‍ಯಾರನ್ನು ಕರೆಯಬೇಕೆಂದೂ ಮಾತಾಡಿಟ್ಟಿದ್ದೆ. ಮಂಚದ ಮೇಲೆ ಹೊಸ ಹೊದಿಕೆ ಹಾಸಿದ್ದೆ. ಒಂದು ಮಾತು ಮೊದಲೇ ಹೇಳಬಾರದಿತ್ತೆ?

ಐಸ್‌ಕ್ರೀಮ್ ತಿನ್ನುತ್ತಾ ಕೂತಿದ್ದಾಗ ಹೇಳಿದ್ದೇ ಅದನ್ನು. ಬುದ್ಧಿ ಮಂಕಾಗಿದ್ದು ಯಾರಿಗೆ ಎಂದು ಈಗ ಗೊತ್ತಾಗುತ್ತಿದೆ. ಅಳು ಬಂತು, ಅತ್ತೆ. ನಾವು ಮಕ್ಕಳೆಲ್ಲ ಒಲೆಯ ಮುಂದೆ ಕೂರುತ್ತಿದ್ದಾಗ ಅಮ್ಮ ಬಾಗಿಲ ಕಡೆಯ ಕುರ್ಚಿಯಲ್ಲಿ ಕೂರುತ್ತಿದ್ದಳು. ಅವಳಿಗೆ ಅಲ್ಲಿಯೇ ಇಷ್ಟ ಎಂದುಕೊಂಡಿದ್ದೆವು.

ಜನವರಿ 12, ಸೋಮವಾರ

ಕತ್ರೀನಾ ಫೋನ್ ಮಾಡಿದಳು. ವಯಸ್ಸಾದವರ ಮನೆಯಲ್ಲಿ ಹಾಸಿಗೆ ಒಂದು ಖಾಲಿಯಾಗಿದೆಯಂತೆ. ಆದರೆ ಮನೆಗೆ ಹೋಗಬಹುದಾದವರಿಗೆ ಅದನ್ನು ಕೊಡುವಂತಿಲ್ಲ. ಅಮ್ಮ ಮನೆಗೆ ಹೋಗಬಹುದು ಎಂದು ಬರೆದವಳು ಅವಳೇ. ಅದರ ಮೇಲೆ ಹಾಲಿಸನ ಇಪ್ಪತ್ತೊಂದು ಬೇರೆ.

"ಮತ್ತೆ ಬಂದು ನೋಡೇ" ಅಂದೆ.

"ಮತ್ತೆ ಬಂದ್ರೆ ಹತ್ತೊಂಬತ್ತೇ ತಾನೇ ಅಕ್ಕ? ಸುಳ್ಳು ಬರೆಯೋಕೆ ನನ್ನಿಂದಾಗಲ್ಲ."

"ಈಗ ಬರೆದಿರೋದೇ ಸುಳ್ಳು. ಗುರುವಾರ ಬಾ. ಅಮ್ಮ ಒಬ್ಬಳೇ ಇದ್ದಾಗ ಹೇಗಿತ್ತೋ ಹಾಗಿರತ್ತೆ."

ಜನವರಿ 15, ಗುರುವಾರ

ಬಾಗಿಲ ಕಂಬಳಿ ಕಿತ್ತೆ, ಕಿಟಕಿಯ ಅಂಟುಪಟ್ಟಿ ಕಿತ್ತೆ. ನಿನ್ನೆಯಿಂದ ಉರಿಸಿದ್ದು ಒಂದೇ ಬಕೆಟ್ ಪೀಟ್. ಎಂಬತ್ತಾರರ ಮುದುಕಿ ಗಾಳಿಯಲ್ಲಿ ಹೊತ್ತು ತರಬಹುದಾದದ್ದು ಅಷ್ಟೇ. ನಿಜವೆಂದರೆ ಅಷ್ಟೂ ಆಗದೆ ತಾನೇ ಬಿದ್ದದ್ದು?

ಕತ್ರೀನಾ ಬಂದಳು. ಅಭ್ಯಾಸದಂತೆ ಕೋಟಿನ ಗುಂಡಿಗೆ ಕೈ ಹಾಕಿದಳು.

"ಬಿಚ್ಚಬೇಡ" ಅಂದೆ. ಈ ಮನೆಯಲ್ಲಿ ಬಂದವರಿಗೆ ಯಾರೂ ಹಾಗೆ ಹೇಳಿರಲಿಕ್ಕಿಲ್ಲ. ನನ್ನ ಕಿವಿ ಬಿಸಿಯಾಯಿತು. ಟೀಯನ್ನೂ ಕೊಡಲಿಲ್ಲ, ಕೊಟ್ಟರೆ ಒಲೆ ಎಬ್ಬಿಸಬೇಕಾಗುತ್ತದೆ. ಅತಿಥಿಯನ್ನು ಬರಿಬಾಯಲ್ಲಿ, ಚಳಿಯಲ್ಲಿ ಕೂರಿಸಿಕೊಂಡು ಇಬ್ಬರೂ ನೆಲ ನೋಡುತ್ತಾ ಕೂತೆವು. ಇದಕ್ಕಿಂತ ಬಟ್ಟೆ ಬಿಚ್ಚಿ ನಿಲ್ಲುವುದು ಸುಲಭವಿತ್ತು.

ಅಷ್ಟರಲ್ಲಿ ಟಾರ್ಕಿಲ್, ಕತ್ರೀನಾಳ ಕಾರು ನೋಡಿ, ಒಂದು ಚೀಲ ಪೀಟ್ ಹೊತ್ತುಕೊಂಡು ನುಗ್ಗಿದ.

"ಏನೇ ಇದು! ಬಂದವರನ್ನ ಹೀಗಾ ಕೂರಿಸೋದು? ಥೂ ನಿನ್ನ. ಸರಿ ಆಚೆ."

"ಹಾಕಬೇಡ." ಒಲೆಗೆ ಅಡ್ಡ ನಿಂತೆ. "ಇದು ಚಳಿ ಮನೆ ಟಾರ್ಕಿಲ್. ಯಾವಾಗ್ಲೂ ಚಳಿ ಮನೇನೇ. ನಮ್ಮಮ್ಮನಿಗೆ ಇಲ್ಲಿ ಇರೋಕಾಗಲ್ಲ, ಇಷ್ಟು ವರ್ಷ ಇದ್ದಿದ್ದೇ ತಪ್ಪು. ಕತ್ರೀನಾ, ಬರ್ಕೋ."

ಅವಳು ಥರ್ಮಾಮೀಟರ್ ನೋಡಿದಳು. "ಹನ್ನೊಂದು" ಅಂದಳು. ಕೈಗವಸು ಹಾಕಿಕೊಂಡೇ ಬರೆದಳು. ಬರೆದು ಮುಗಿಸಿ, ತಲೆಯೆತ್ತದೆ, "ನನ್ನ ಅಜ್ಜಿ ಇದಕ್ಕೇ ಹೋಗಿದ್ದು" ಅಂದಳು.

ಟಾರ್ಕಿಲ್ ಚೀಲವನ್ನು ಕೆಳಗಿಟ್ಟು ಅದರ ಮೇಲೇ ಕೂತ. ಬೈಯುತ್ತಾನೆ ಎಂದುಕೊಂಡೆ. ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ.

"ನಾನು ಅಕ್ಟೋಬರಿಂದ ಬೂಟು ಹಾಕ್ಕೊಂಡೇ ಮಲಗ್ತಿದೀನಿ" ಅಂದ.

"ಏನು?"

"ಬೆಚ್ಚಗಿರೋ ಕೋಣೆ ಆಸ್ಗರ್‌ಗೆ ಕೊಟ್ಟಿದೀನಲ್ಲ. ಅವನು ಬಂದವನು."

"ಮತ್ತೆ ನಿನ್ನ ಪೀಟೆಲ್ಲ ತಂದು ಇಲ್ಲಿ ಸುರಿದ್ಯಲ್ಲೋ, ಮಂಕೇ!"

"ಎಫಿ ಮನೆ ತಣ್ಣಗಿದ್ರೆ ನೋಡೋಕೆ ಚೆನ್ನಾಗಿರತ್ತಾ?"

ನನಗೆ ಎಷ್ಟು ಸಿಟ್ಟು ಬಂತೆಂದರೆ, ಕತ್ರೀನಾಳ ಮುಂದೆಯೇ ಅವನನ್ನು ಬಾಯಿಗೆ ಬಂದಂತೆ ಬೈದೆ. ಅವಳು ಹೋದ ಮೇಲೆ ಅದೇ ಚೀಲದಿಂದ ಒಲೆ ತುಂಬಿಸಿ ಅವನನ್ನು ಅಮ್ಮನ ಕುರ್ಚಿಯಲ್ಲಿ ಕೂರಿಸಿದೆ. ನಾಳೆಯಿಂದ ಸಂಜೆ ಇಲ್ಲಿಗೇ ಬಾ, ಎರಡು ಮನೆಗೆ ಎರಡು ಒಲೆ ಉರಿಸುವ ದೊಡ್ಡಸ್ತಿಕೆ ಸಾಕು ಎಂದೆ. ಜನ ಏನಾದರೂ ಅಂದುಕೊಂಡಾರು ಎಂದ. ಅಂದುಕೊಳ್ಳಲಿ, ಬಾಯಾದರೂ ಬಿಸಿಯಾಗುತ್ತದೆ ಎಂದೆ.

ಫೆಬ್ರವರಿ 4, ಬುಧವಾರ

ಅಮ್ಮ ಶುಕ್ರವಾರ ಹೊಸ ಕೋಣೆಗೆ ಹೋದಳು. ಇವತ್ತು ನೋಡಲು ಹೋಗಿದ್ದೆ. ಗ್ಲಾಸ್ಗೋ ಶಾಲೆಗೆ ಇನ್ನು ಬರುವುದಿಲ್ಲ, ಇಲ್ಲೇ ಇರುತ್ತೇನೆಂದು ತಿಳಿಸಿದ್ದನ್ನೂ, ಟಾರ್ಕಿಲ್ ಇಸ್ಪೀಟಿನಲ್ಲಿ ಮೋಸ ಮಾಡುವುದನ್ನೂ ಹೇಳಿದೆ. ಅಮ್ಮ ಮನೆಯಲ್ಲಿದ್ದಾಗ ಎಂದೂ ನಗದಷ್ಟು ನಕ್ಕಳು. ಕೆನ್ನೆ ಕೆಂಪಾಗಿತ್ತು. ಹೊರಗೆ ಆಲಿಕಲ್ಲು ಬೀಳುತ್ತಿತ್ತು, ಗಾಜಿಗೆ ಬಂದು ಬಡಿಯುತ್ತಿತ್ತು.

"ಡೊಲೀನಾ, ಒಂಚೂರು ಆ ಕಿಟಕಿ ತೆಗಿಯೇ."

"ಯಾಕಮ್ಮಾ? ಹುಷಾರಿಲ್ವಾ?"

"ಸೆಕೆ ಕಣೇ" ಅಂದಳು. ಅಂದು, ತಾನೇ ಅಂದದ್ದನ್ನು ಕೇಳಿಸಿಕೊಂಡು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಕಿಟಕಿ ತೆರೆದೆ. ಗಾಳಿ ಒಳಗೆ ಬಂದು ಪರದೆ ಹಾರಿಸಿತು, ಅಮ್ಮನ ಬಿಳಿ ಕೂದಲು ಕೆದರಿತು. ಅಮ್ಮ ಕಣ್ಣು ಮುಚ್ಚಿಕೊಂಡು ಮುಖವೊಡ್ಡಿ ಕೂತಿದ್ದಳು. ನಾನು ಎಷ್ಟು ಹೊತ್ತಿಗೆ ಮುಚ್ಚು ಅನ್ನುತ್ತಾಳೋ ಎಂದು ಕಿಟಕಿಯ ಹಿಡಿ ಹಿಡಿದುಕೊಂಡೇ ಕಾಯುತ್ತಿದ್ದೆ. ಅನ್ನಲೇ ಇಲ್ಲ.